ಕಿಟ್ಟ ಎಂದು ಬರೆದ ಕೈ

ನಮ್ಮಣ್ಣನಿಗೆ ವಿಶ್ವವಿದ್ಯಾಲಯದವರು ಇಟ್ಟಿರುವ ಹೆಸರು ಗರಗಸ. ಭೂಮಿ ಮತ್ತು ಬಾಹ್ಯಾಕಾಶ ವಿಭಾಗದ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷ ಕಲ್ಲು ಕೊಯ್ದವನಿಗೆ ಇನ್ನೇನು ಹೆಸರಿಟ್ಟಾರು? ಮೇಲಿನ ಮಹಡಿಯವರು ಚಂದ್ರನ ಮಣ್ಣಿನ ಬಗ್ಗೆ, ಮಂಗಳದ ಧೂಳಿನ ಬಗ್ಗೆ, ಭೂಮಿಯ ಹೊಟ್ಟೆಯೊಳಗಿನ ಬೆಂಕಿಯ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಆ ಬರಹಗಳಲ್ಲಿ ಬರುವ ಒಂದೊಂದು ಕಲ್ಲನ್ನೂ ಮೊದಲು ಇವನು ಕೊಯ್ದು, ಗಾಜಿಗೆ ಅಂಟಿಸಿ, ಕೂದಲಿಗಿಂತ ತೆಳ್ಳಗಾಗುವ ತನಕ ಉಜ್ಜಿ ಮೇಲೆ ಕಳಿಸಿರುತ್ತಾನೆ. ಅಷ್ಟು ತೆಳ್ಳಗಾದರೆ ಕಲ್ಲಿನೊಳಗೂ ಬೆಳಕು ಹಾಯುತ್ತದೆ, ಸೂಕ್ಷ್ಮದರ್ಶಕದಲ್ಲಿ ಅದರ ಜಾತಕವೆಲ್ಲ ಕಾಣುತ್ತದೆ. ಬರಹದ ಕೊನೆಯಲ್ಲಿ ಕೃತಜ್ಞತೆ ಹೇಳುವಾಗ ಗ್ರಂಥಾಲಯದವರ ಹೆಸರು ಬರುತ್ತದೆ, ಹೆಂಡತಿಯರ ಹೆಸರು ಬರುತ್ತದೆ, ಒಂದು ಸಲ ಯಾರದೋ ನಾಯಿಯ ಹೆಸರೂ ಬಂದಿತ್ತು. ಅಣ್ಣನದು ಬಂದದ್ದಿಲ್ಲ.

ಗಾಜಿನ ಪಟ್ಟಿಯನ್ನು ಬೆರಳಲ್ಲಿ ಒತ್ತಿ ಹಿಡಿದು ಉಜ್ಜಿ ಉಜ್ಜಿ ಅವನ ಹೆಬ್ಬೆರಳು, ತೋರುಬೆರಳುಗಳ ಗೆರೆಗಳೇ ಸವೆದುಹೋಗಿವೆ. ಹಾಜರಿಗೆ ಬೆರಳಿಡುವ ಯಂತ್ರ ಬಂದ ಮೇಲೆ ಅದು ಇವನನ್ನು ಗುರುತಿಸುವುದೇ ಇಲ್ಲ. ಇಂಥ ವ್ಯಕ್ತಿ ಇಲ್ಲ ಎಂದು ಕೆಂಪು ದೀಪ ತೋರಿಸುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಗುಮಾಸ್ತರ ಮೇಜಿಗೆ ಹೋಗಿ, ನಾನು ಬಂದಿದ್ದೇನೆ ಎಂದು ಹೇಳಿ, ಬೇರೆ ಪುಸ್ತಕದಲ್ಲಿ ರುಜು ಹಾಕಬೇಕು. ಇದನ್ನು ಅವನು ನಗುತ್ತಾ ಹೇಳುತ್ತಾನೆ, ನಾನು ಹಲ್ಲು ಕಡಿಯುತ್ತಾ ಕೇಳುತ್ತೇನೆ.

ನಾನು ದರ್ಜಿ. ಬಸ್ ನಿಲ್ದಾಣದ ಹಿಂದೆ ಒಂದೇ ಬಾಗಿಲಿನ ಅಂಗಡಿ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಎಲ್ಲರ ದೂರು. ಇದನ್ನು ಕೋಪದಲ್ಲೇ ಬರೆಯುತ್ತಿದ್ದೇನೆ. ಇಳಿದ ಮೇಲೆ ಬರೆದರೆ ಒಬ್ಬೊಬ್ಬರಿಗೂ ಒಂದೊಂದು ಸಮಜಾಯಿಷಿ ಕೊಟ್ಟುಬಿಡುತ್ತೇನೆ, ಆ ಉಪಕಾರ ಯಾರಿಗೂ ಮಾಡುವ ಮನಸ್ಸಿಲ್ಲ.

ವಿಭಾಗದಲ್ಲಿ ಪ್ರತಿ ತಿಂಗಳ ಮೊದಲ ಶನಿವಾರ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತಾರೆ. ಗಾಳಿ ತುಂಬಿದ ದೊಡ್ಡ ಕಪ್ಪು ಗುಡಾರದೊಳಗೆ ನಕ್ಷತ್ರ ತೋರಿಸುತ್ತಾರೆ, ದೂರದರ್ಶಕ ಇಡುತ್ತಾರೆ, ಒಬ್ಬರು ಮೈಕು ಹಿಡಿದು ಮಾತಾಡುತ್ತಾರೆ. ಒಂದು ಮೂಲೆಯಲ್ಲಿ ‘ನಿಮ್ಮ ಕಲ್ಲು ತನ್ನಿ’ ಎಂಬ ಫಲಕದ ಕೆಳಗೆ ಒಂದು ಮೇಜು. ಆಕಾಶದಿಂದ ಬಿದ್ದದ್ದು ಎಂದು ಜನ ತರುವ ಕಲ್ಲುಗಳನ್ನು ನೋಡಿ, ಹೌದೋ ಅಲ್ಲವೋ ಹೇಳುವ ಜಾಗ. ಅಲ್ಲಿ ಪತ್ರಿಕೆಯವರು ಫೋಟೊ ತೆಗೆಯುವುದಿಲ್ಲವಾದ್ದರಿಂದ ಪ್ರೊಫೆಸರುಗಳಿಗೆ ಆ ಮೇಜೆಂದರೆ ಅಲರ್ಜಿ. ಅಣ್ಣನನ್ನು ಕೂರಿಸಿದರು. ದಾರಕ್ಕೆ ಕಟ್ಟಿದ ಅಯಸ್ಕಾಂತ, ಕಲ್ಲಿನಿಂದ ಗೀಚಿ ನೋಡಲು ಒಂದು ಒಡೆದ ಟೈಲ್ಸಿನ ಚೂರು, ಒಂದು ಭೂತಗನ್ನಡಿ, ಚೀಟಿ ಪುಸ್ತಕ, ವಿಭಾಗದ ಸೀಲು. ಚೀಟಿಯಲ್ಲಿ ‘ಪರಿಶೀಲಿಸಲಾಗಿದೆ. ಇದು’ ಎಂದು ಅಚ್ಚಾಗಿದೆ, ಮುಂದಿನ ಖಾಲಿ ಜಾಗ ಇವನು ತುಂಬಬೇಕು. ರಸ್ತೆಯ ಜಲ್ಲಿ. ಹೊಳೆಯ ಕಲ್ಲು. ಮತ್ತು ಎಲ್ಲಕ್ಕಿಂತ ಹೆಚ್ಚಾಗಿ, ಕಿಟ್ಟ. ಕಬ್ಬಿಣ ಕರಗಿಸುವಾಗ ಮೇಲೆ ತೇಲುವ ಕೊಳೆ ತಣಿದು ಕರ್ರಗೆ ಗಟ್ಟಿಯಾದರೆ ಅದೇ ಕಿಟ್ಟ, ನೋಡಿದವರೆಲ್ಲ ಉಲ್ಕೆ ಎಂದು ಮೋಸಹೋಗುತ್ತಾರೆ. ಹನ್ನೊಂದು ವರ್ಷದಲ್ಲಿ ನಾಲ್ಕು ಸಾವಿರದ ಹತ್ತಿರ ಚೀಟಿ ಬರೆದ ಅಣ್ಣ ಒಂದು ಸಲವೂ ಹೌದು ಎಂದು ಬರೆದಿರಲಿಲ್ಲ. ಬರುಬರುತ್ತಾ ಕಣ್ಣು ನೋಡುವ ಮೊದಲೇ ಕೈ ಬರೆಯುವ ಹಾಗಾಗಿತ್ತು. ಅವನೇ ಆಮೇಲೆ ಒಪ್ಪಿಕೊಂಡ ಮಾತು ಇದು.

ಹೋದ ವರ್ಷ ಅಂಥ ಒಂದು ಶನಿವಾರ ಗುಡಾರದ ಹೊಲಿಗೆ ಬಿಟ್ಟು ಗಾಳಿ ಸೋರುತ್ತಿತ್ತು. ನನ್ನನ್ನು ಕರೆಸಿದ್ದರು. ಅಣ್ಣನ ಮೇಜಿನ ಹಿಂದೆಯೇ ನೆಲದ ಮೇಲೆ ಕೂತು ದಬ್ಬಣ ಹಿಡಿದು ಹೊಲಿಯುತ್ತಿದ್ದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸಾಲಿನಲ್ಲಿ ಬಂದರು. ಮುಂಗೈಯಲ್ಲಿ ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಹಳೆಯ ಗುರುತು, ಕೈಯಲ್ಲಿ ದಿಂಬಿನ ಚೀಲ, ಅದರೊಳಗೆ ತೆಂಗಿನಕಾಯಿ ಗಾತ್ರದ ಕರಿಯ ಕಲ್ಲು.

“ಇಸ್ತ್ರಿ ಅಂಗಡಿ ಇದೆ ಸರ್ ನಂದು. ತಗಡು ತೂತು ಮಾಡ್ಕೊಂಡು ಇದು ಒಳಗೆ ಬಿತ್ತು. ಮೇಲಿಂದ ಬಿದ್ದಿದ್ದು ಅಂತ ಒಂದು ಸಾಲು ಬರ್ಕೊಡಿ, ಸಾಕು.”

ಅಣ್ಣ ಅಯಸ್ಕಾಂತವನ್ನು ಕಲ್ಲಿನ ಪಕ್ಕ ಇಳಿಬಿಟ್ಟ. ದಾರ ಎಳ್ಳಷ್ಟೂ ಅಲುಗಲಿಲ್ಲ. ಆಕಾಶದಿಂದ ಬೀಳುವ ಕಲ್ಲುಗಳಲ್ಲಿ ಬಹುಪಾಲು ಕಬ್ಬಿಣದ ಅಂಶ ಇರುತ್ತದೆ, ಅಯಸ್ಕಾಂತ ಎಳೆಯದಿದ್ದರೆ ಅಲ್ಲಿಗೆ ಮುಗಿಯಿತು ಎನ್ನುವುದು ಆ ಮೇಜಿನ ಕಾನೂನು.

“ಬಿದ್ದಾಗ ಮುಟ್ಟಿ ನೋಡಿದ್ರಾ?”

“ಆಗ್ಲೇ ಎತ್ಕೊಂಡೆ. ತಣ್ಣಗಿತ್ತು.”

ಸಾಲಿನಲ್ಲಿ ಹಿಂದೆ ನಿಂತಿದ್ದವನೊಬ್ಬ, “ಎಲ್ರಿಗೂ ಆಕಾಶದಿಂದ ಬೆಂಕಿ ಉಂಡೆ ಬಿದ್ರೆ ಇವ್ರಿಗೆ ಫ್ರಿಜ್ಜಿಂದ ಬಿದ್ದಿದೆ” ಅಂದ. ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ಇದನ್ನು ಬರೆಯದೆ ಬಿಟ್ಟರೆ ಮುಂದೆ ಬರೆಯುವುದಕ್ಕೆಲ್ಲ ನನಗೆ ಮುಖವಿರುವುದಿಲ್ಲ.

ಅಣ್ಣ ಕಿಟ್ಟ ಎಂದು ಬರೆದು ಸೀಲು ಕುಟ್ಟಿದ. ಆಕೆ ಚೀಟಿಯನ್ನು ಎರಡು ಸಲ ಓದಿದರು.

“ಕಿಟ್ಟ ನನ್ನ ಸೂರಿನ ಮೇಲೆ ಎಲ್ಲಿಂದ ಬೀಳುತ್ತೆ ಸರ್?”

“ಅದು ನನಗೆ ಗೊತ್ತಾಗಲ್ಲಮ್ಮ. ಮುಂದಿನವ್ರು ಬನ್ನಿ.”

ಆಕೆ ಚೀಟಿಯನ್ನು ನಾಲ್ಕಾಗಿ ಮಡಿಸಿ ದಿಂಬಿನ ಚೀಲದೊಳಗೆ ಇಟ್ಟುಕೊಂಡರು. ಕಲ್ಲನ್ನು ಮೇಜಿನ ಮೇಲೇ ಬಿಟ್ಟು ಹೋದರು. ಜನ ಬಿಟ್ಟುಹೋದ ಕಲ್ಲುಗಳಿಗೆಂದು ಮೇಜಿನ ಕೆಳಗೊಂದು ಬಕೆಟ್ಟು ಇರುತ್ತದೆ, ಅದಕ್ಕೆ ಬಿತ್ತು.

ಐದು ವಾರ ಕಳೆದ ಮೇಲೆ ಒಂದು ಮಟಮಟ ಮಧ್ಯಾಹ್ನ ಅಣ್ಣ ನನ್ನ ಅಂಗಡಿ ಬಾಗಿಲಲ್ಲಿ ನಿಂತಿದ್ದ. ಮೈಮೇಲೆ ಕೆಲಸದ ಒದ್ದೆ ಏಪ್ರನ್ನು ಹಾಗೇ ಇತ್ತು. ಇಪ್ಪತ್ತಾರು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಅವನು ಗೇಟು ದಾಟಿದ್ದನ್ನು ನಾನು ಕಂಡಿಲ್ಲ. ಮನೆಯಲ್ಲಿ ಯಾರಿಗೋ ಏನೋ ಆಯಿತು ಎಂದುಕೊಂಡು ಹೊಲಿಗೆ ಯಂತ್ರ ನಿಲ್ಲಿಸಿದೆ.

“ತಪ್ಪಾಗೋಯ್ತು ಕಣೇ” ಅಂದ.

ಗರಗಸಕ್ಕೆ ಹೊಸ ಅಲಗು ಬಂದಿತ್ತಂತೆ. ಅದರ ಓಟ ನೋಡಲು ಬಕೆಟ್ಟಿನಿಂದ ಕೈಗೆ ಸಿಕ್ಕ ಕಲ್ಲು ತೆಗೆದು ಕೊಟ್ಟಿದ್ದಾನೆ. ಎರಡು ಹೋಳಾಗಿದೆ. ಕಿಟ್ಟವನ್ನು ಕೊಯ್ದರೆ ಒಳಗೆಲ್ಲ ಗಾಳಿಗುಳ್ಳೆಯ ತೂತು ಇರಬೇಕು. ಇದರಲ್ಲಿ ಒಂದೂ ಇಲ್ಲ. ಹೊರಗೆ ಉಗುರಿಗಿಂತ ತೆಳುವಾದ ಕಪ್ಪು ಸಿಪ್ಪೆ, ಒಳಗೆ ಬೂದು ಬಿಳುಪು. ಗರಗಸದ ನೀರು ನಿಲ್ಲಿಸಿ, ಒಂದು ಚೂರು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ್ದಾನೆ. ಅಯಸ್ಕಾಂತ ಎಳೆಯುವಂಥ ಕಬ್ಬಿಣವಿಲ್ಲದ ಅಪರೂಪದ ಜಾತಿಯ ಉಲ್ಕೆ. ಅಂಥದ್ದು ಇದೆ ಎಂದು ಅವನಿಗೆ ಗೊತ್ತು, ಬೇರೆ ದೇಶದಿಂದ ಬಂದ ಚೂರುಗಳನ್ನು ಹಿಂದೆ ಕೊಯ್ದು ಕೊಟ್ಟವನೇ ಅವನು.

“ಅದು ಹೋಗ್ಲಿ. ಆ ಇಸ್ತ್ರಿ ಅಂಗಡಿಯವ್ರು ತಣ್ಣಗಿತ್ತು ಅಂದ್ರು” ಅಂದ, ನನ್ನ ಕತ್ತರಿ ಮೇಜಿನ ಅಂಚು ಹಿಡಿದುಕೊಂಡು. “ಕೋಟ್ಯಂತರ ವರ್ಷ ಚಳೀಲಿ ಇದ್ದ ಕಲ್ಲು. ಇಳಿಯೋವಾಗ ಕೆಲವು ಕ್ಷಣ ಚರ್ಮ ಮಾತ್ರ ಸುಡುತ್ತೆ, ಒಳಗೆ ಬಿಸಿ ಹೋಗೋಕೆ ಟೈಮೇ ಇರಲ್ಲ. ಕಥೆ ಕಟ್ಟೋರಾಗಿದ್ರೆ ಸುಡ್ತಿತ್ತು ಅಂತಿದ್ರು. ತಣ್ಣಗಿತ್ತು ಅನ್ನೋಕೆ ನಿಜವಾಗ್ಲೂ ಎತ್ಕೊಂಡಿರ್ಬೇಕು. ಇದು ಗೊತ್ತಿತ್ತು ನನಗೆ. ಗೊತ್ತಿದ್ದೂ ಮುಂದಿನವ್ರು ಬನ್ನಿ ಅಂದೆ.”

ಅಲ್ಲಿಂದ ಅವನು ನೆಟ್ಟಗೆ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮುಖ್ಯಸ್ಥರಿಗೆ ಖುಷಿಯೋ ಖುಷಿ. ತಪ್ಪಿನ ಮಾತು ಅವರ ಕಿವಿಯ ಪಕ್ಕದಿಂದ ಹಾದುಹೋಯಿತು. ಮೂರೇ ವಾರದಲ್ಲಿ ಕಲ್ಲಿನ ಒಂದು ಹೋಳು ಪ್ರವೇಶ ಹಜಾರದ ಗಾಜಿನ ಪೆಟ್ಟಿಗೆಯೊಳಗೆ ದೀಪ ಹಾಕಿಸಿಕೊಂಡು ಕೂತಿತ್ತು. ಪತ್ರಿಕೆಗಳಿಗೆ ಒಂದು ಪ್ರಕಟಣೆ ಹೋಯಿತು. ‘ನಮ್ಮ ಜನಸಂಪರ್ಕ ಕಾರ್ಯಕ್ರಮದ ಫಲವಾಗಿ ಅತ್ಯಪರೂಪದ ಉಲ್ಕಾಶಿಲೆಯೊಂದು ಕಂಡುಬಂದಿದೆ.’

ಕಂಡುಬಂದಿದೆ. ಈ ಪದವನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರು ಕಂಡರು? ಎಲ್ಲಿಂದ ಬಂತು? ಅದೇ ಕಾಲು ಮೂಡಿಸಿಕೊಂಡು, ಬಸ್ಸು ಹತ್ತಿ ಬಂದು, ನಾನು ಬಂದಿದ್ದೇನೆ ನೋಡಿ ಎಂದಿತೇ? ಎತ್ತಿಕೊಂಡು ಬಂದವರು ಒಬ್ಬರಿದ್ದರು. ನೋಡದೆ ಬಕೆಟ್ಟಿಗೆ ಹಾಕಿದವನೊಬ್ಬನಿದ್ದ, ನೋಡಿದವನೂ ಅವನೇ. ಮೂರು ಕೆಲಸ, ಇಬ್ಬರು ಮನುಷ್ಯರು, ಎಲ್ಲವನ್ನೂ ಗುಡಿಸಿ ಹಾಕಲು ಕಚೇರಿಗೆ ಒಂದೇ ಪದ ಸಾಕಾಯಿತು.

ಆಕೆಯ ವಿಳಾಸ ಎಲ್ಲೂ ಇರಲಿಲ್ಲ. ಚೀಟಿ ಪಡೆದವರ ಹೆಸರು ಬರೆದುಕೊಳ್ಳುವ ಪದ್ಧತಿಯೇ ಇಲ್ಲ, ಇಲ್ಲ ಎನಿಸಿಕೊಂಡವರ ಹೆಸರು ಯಾರಿಗೆ ಬೇಕು? ಅಣ್ಣ ಭಾನುವಾರಗಳಲ್ಲಿ ಬೀದಿ ಬೀದಿ ಅಲೆದು ಬರಿಗೈಯಲ್ಲಿ ಬರುತ್ತಿದ್ದ. ನನಗೆ ಮೊದಲೇ ಹೊಳೆಯದಿದ್ದದ್ದಕ್ಕೆ ನನ್ನ ತಲೆಯನ್ನೇ ಕುಟ್ಟಿಕೊಳ್ಳಬೇಕು. ದರ್ಜಿಗೆ ಊರಿನ ಇಸ್ತ್ರಿಯವರೆಲ್ಲ ಗೊತ್ತಿರುತ್ತಾರೆ. ಒಬ್ಬರಿಂದ ಒಬ್ಬರಿಗೆ ಹೇಳಿ ಕಳಿಸಿದೆ, ಮೂರೇ ದಿನದಲ್ಲಿ ಸುಳಿವು ಸಿಕ್ಕಿತು.

ಆಕೆಗೆ ಈಗ ಅಂಗಡಿ ಇರಲಿಲ್ಲ. ಒಂದು ವಸತಿ ಕಟ್ಟಡದ ಮೆಟ್ಟಿಲ ಕೆಳಗೆ, ತಲೆ ಎತ್ತಿದರೆ ಹೊಡೆಯುವಂಥ ಜಾಗದಲ್ಲಿ, ಮೇಜು ಹಾಕಿಕೊಂಡು ಅಂಗಿಗಳ ಮೇಲೆ ಪೆಟ್ಟಿಗೆ ಓಡಿಸುತ್ತಿದ್ದರು. ಅಣ್ಣನನ್ನು ಕಂಡವರೇ ಗುರುತು ಹಿಡಿದರು.

“ಏನ್ ಸರ್, ಇನ್ನೊಂದು ಚೀಟಿ ತಂದ್ರಾ?”

ಅಣ್ಣ ನಡೆದದ್ದೆಲ್ಲ ಹೇಳಿದ. ಆಕೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮ್ಮದನ್ನು ಹೇಳಿದರು. ಅಂಗಡಿಯ ತಗಡು ಮೊದಲೇ ತುಕ್ಕು ಹಿಡಿದಿತ್ತು, ಬದಲಿಸಿಕೊಡಿ ಎಂದು ಆಕೆ ಕೇಳುತ್ತಲೇ ಇದ್ದರು. ಅದು ತೂತಾದಾಗ, ಹೊಸ ತಗಡು ಹಾಕಿಸಿಕೊಳ್ಳಲು ತಾವೇ ಒಡೆದು ಕಲ್ಲಿನ ಕಥೆ ಕಟ್ಟಿದ್ದಾರೆ ಎಂದ ಜಾಗದ ಮಾಲೀಕ. ಬೀದಿಯ ಬಾಯಲ್ಲಿ ಆಕೆಯ ಹೆಸರು ಆಕಾಶವಾಣಿ ಎಂದಾಯಿತು. ಕೊನೆಗೆ ಆಕೆ, ವಿಶ್ವವಿದ್ಯಾಲಯದವರನ್ನೇ ಕೇಳಿ ಬರುತ್ತೇನೆ, ಅವರು ಬರೆದುಕೊಟ್ಟದ್ದನ್ನು ತಂದು ತೋರಿಸುತ್ತೇನೆ ಎಂದು ಎಲ್ಲರೆದುರು ಹೇಳಿ ಬಂದಿದ್ದರು.

“ಚೀಟಿ ಹರಿದು ಬಿಸಾಕಿ, ಆ ದಿನ ಬಾಗಿಲು ಹಾಕಿತ್ತು ಅನ್ಬಹುದಿತ್ತು” ಅಂದೆ ನಾನು.

“ತೋರಿಸ್ತೀನಿ ಅಂದಿದ್ದೆ ಅಲ್ವಾ? ತೋರಿಸ್ದೆ. ಅವ್ನು ಬೀದೀಲಿ ನಿಂತು ಜೋರಾಗಿ ಓದ್ದ. ಹದಿನೇಳು ವರ್ಷದಿಂದ ಒಬ್ರ ಅಂಗಿ ಗುಂಡಿ ಕಳೆದಿಲ್ಲ ನಾನು. ಜೇಬಲ್ಲಿ ಸಿಕ್ಕ ನೋಟು ಇಸ್ತ್ರಿ ಮಾಡಿ ವಾಪಸ್ ಕೊಟ್ಟಿದ್ದೀನಿ. ಒಂದು ಚೀಟಿಗೆ ಸುಳ್ಳಿ ಆಗ್ಬಿಟ್ಟೆ. ಸುಳ್ಳಿ ಕೈಗೆ ಬಟ್ಟೆ ಯಾರು ಕೊಡ್ತಾರೆ? ಆಮೇಲೆ ಜಾಗ ಖಾಲಿ ಮಾಡು ಅಂದ.”

ಅಣ್ಣ ತಲೆ ತಗ್ಗಿಸಿ ನಿಂತಿದ್ದ. “ನಿಮಗೇನು ಬೇಕಮ್ಮ?” ಎಂದು ಕೇಳಿದ. ಕಲ್ಲು ಬೇಕು ಎನ್ನಬಹುದು, ಪರಿಹಾರ ಬೇಕು ಎನ್ನಬಹುದು ಎಂದುಕೊಂಡಿದ್ದೆ ನಾನು.

“ಆವತ್ತು ಕೇಳಿದ್ದೇ. ಮೇಲಿಂದ ಬಿದ್ದಿದ್ದು ಅಂತ ಬರ್ಕೊಡಿ. ಮೊದಲಿನ ಚೀಟಿ ತಪ್ಪು ಅಂತಾನೂ ಬರೀರಿ. ಇಲ್ದಿದ್ರೆ ಇದು ಬೇರೆ ಯಾವ್ದೋ ಕಲ್ಲು ಅಂತಾರೆ.”

ಇಷ್ಟು ಸಣ್ಣ ಕೋರಿಕೆ. ಮುಖ್ಯಸ್ಥರು ಎಲ್ಲಕ್ಕೂ ತಯಾರಿದ್ದರು, ಇದೊಂದನ್ನು ಬಿಟ್ಟು. ಆಕೆಯ ಫೋಟೊ ಹಾಕೋಣ, ಕಲ್ಲಿನ ಪಕ್ಕದಲ್ಲಿ ಹೆಸರು ಬರೆಸೋಣ, ಸಮಾರಂಭ ಮಾಡಿ ವೇದಿಕೆ ಮೇಲೆ ಕೂರಿಸೋಣ.

“ಆದ್ರೆ ತಪ್ಪು ಅಂತ ಲೆಟರ್ ಕೊಡೋಕಾಗಲ್ಲ ಕಣ್ರೀ ಗರಗಸ” ಅಂದರಂತೆ. “ಒಂದು ಚೀಟಿ ತಪ್ಪು ಅಂತ ಒಪ್ಕೊಂಡ್ರೆ ನಾಳೆ ನಾಲ್ಕು ಸಾವಿರ ಜನ ಚೀಟಿ ಹಿಡ್ಕೊಂಡು ಬಾಗಿಲಿಗೆ ಬರ್ತಾರೆ.”

“ಬರ್ಲಿ ಸರ್. ಕೊಯ್ದು ನೋಡೋಣ.”

“ನಿಮಗೇನು, ಕೊಯ್ತೀರಿ. ವಿಭಾಗದ ಮರ್ಯಾದೆ ಪ್ರಶ್ನೆ ಇದು.”

ಅವರು ಕೊಟ್ಟ ಕರಡು ನನ್ನ ಹತ್ತಿರ ಇದೆ. ‘ಮರುಪರಿಶೀಲನೆಯಲ್ಲಿ ಸದರಿ ಶಿಲೆಯು ಉಲ್ಕಾಶಿಲೆಯೆಂದು ಕಂಡುಬಂದಿದೆ.’ ಚೀಟಿಯ ಸುದ್ದಿಯಿಲ್ಲ, ಆ ಹೆಂಗಸಿನ ಸುದ್ದಿಯಿಲ್ಲ. ತಿಪ್ಪೆ ಸಾರಿಸುವುದನ್ನು ಕಲಿಯಲು ಇಷ್ಟು ಓದಬೇಕೇ?

ಅಣ್ಣ ಅದನ್ನು ಮುಟ್ಟಲಿಲ್ಲ. ತನ್ನ ಕೈಯಾರೆ ಬೇರೆ ಬರೆದ. ‘ಈ ಕಲ್ಲು ಆಕಾಶದಿಂದ ಬಿದ್ದದ್ದು. ಇದನ್ನು ಕಿಟ್ಟ ಎಂದು ಚೀಟಿ ಬರೆದವನು ನಾನು. ಕೊಯ್ದು ನೋಡದೆ ಬರೆದೆ, ಅದು ನನ್ನ ತಪ್ಪು. ಇದನ್ನು ತಂದವರು ಹೇಳಿದ ಪ್ರತಿಯೊಂದು ಮಾತೂ ನಿಜ.’ ಕೆಳಗೆ ರುಜು. ಸೀಲು ಇಲ್ಲ, ಏಕೆಂದರೆ ಮುಖ್ಯಸ್ಥರು ಅದಕ್ಕೆ ಸೀಲು ಹಾಕಕೂಡದು ಎಂದಿದ್ದರು. ಅದನ್ನೇ ಆಕೆ ಮಾಲೀಕನಿಗೆ ಒಯ್ದು ತೋರಿಸಿದರು. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, “ಸೀಲ್ ಎಲ್ಲಿ?” ಎಂದು ಕೇಳಿ ವಾಪಸ್ ಕೊಟ್ಟನಂತೆ. ಸುಳ್ಳಿಗೆ ಸೀಲಿತ್ತು, ನಿಜಕ್ಕಿಲ್ಲ.

“ಸೀಲು ನಿನ್ನ ಡ್ರಾಯರಲ್ಲೇ ಬಿದ್ದಿರುತ್ತಲ್ಲ, ಕುಟ್ಟಿ ಕೊಡೋಕೆ ಏನು ರೋಗ ನಿನಗೆ?” ಎಂದು ಅಣ್ಣನ ಮೇಲೆ ಹಾರಾಡಿದೆ.

“ಕದ್ದು ಕುಟ್ಟಿದ್ರೆ ಅದೂ ಸುಳ್ಳು ಚೀಟೀನೇ. ಎರಡು ಸುಳ್ಳು ಕೊಟ್ಟ ಹಾಗಾಗುತ್ತೆ ಅವ್ರಿಗೆ.”

ಇಂಥವನ ಜೊತೆ ಹುಟ್ಟಿದ್ದೇನೆ. ಎರಡು ದಿನ ಅವನೊಂದಿಗೆ ಮಾತು ಬಿಟ್ಟೆ.

ಮುಂದಿನ ಮೊದಲ ಶನಿವಾರ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಲ್ಕೆ ನೋಡಲು ಊರಿಗೆ ಊರೇ ಬಂದಿತ್ತು, ಕಲ್ಲು ತಂದವರ ಸಾಲು ಮೆಟ್ಟಿಲಿಳಿದು ಗೇಟಿನವರೆಗೆ ಹೋಗಿತ್ತು. ಗಾಜಿನ ಪೆಟ್ಟಿಗೆಯ ಪಕ್ಕ ಮುಖ್ಯಸ್ಥರೇ ಮೈಕು ಹಿಡಿದಿದ್ದರು. ನಾನು ಅಂಗಡಿಗೆ ಬೀಗ ಹಾಕಿ ಹೋಗಿದ್ದೆ. ಇಸ್ತ್ರಿಯಮ್ಮನೂ ಬಂದರು. ಯಾರಿಗೂ ಏನೂ ಹೇಳದೆ ಕಲ್ಲಿನವರ ಸಾಲಿನ ಕೊನೆಯಲ್ಲಿ ನಿಂತರು. ಒಂದು ಗಂಟೆ ನಿಂತು ಅಣ್ಣನ ಮೇಜಿಗೆ ಬಂದಾಗ ಕೈಯಲ್ಲಿ ಕಲ್ಲಿರಲಿಲ್ಲ, ಎರಡು ಕಾಗದಗಳಿದ್ದವು. ಎರಡನ್ನೂ ಇಸ್ತ್ರಿ ಮಾಡಿಕೊಂಡು ಬಂದಿದ್ದರು, ಒಂದು ಮಡಿಕೆ ಇರಲಿಲ್ಲ.

“ಇದಕ್ಕೆ ಸೀಲ್ ಇದೆ, ಸುಳ್ಳು. ಇದು ನಿಜ, ಸೀಲ್ ಇಲ್ಲ. ಹಾಕ್ಕೊಡಿ.”

ಅಣ್ಣ ಎದ್ದು ಹೋಗಿ ಮುಖ್ಯಸ್ಥರ ಕಿವಿಯಲ್ಲಿ ಏನೋ ಹೇಳಿದ. ಅವರು ಮೈಕಿಗೆ ಕೈ ಅಡ್ಡ ಹಿಡಿದು, “ಸೋಮವಾರ ಆಫೀಸಿಗೆ ಬರೋಕೆ ಹೇಳಿ” ಅಂದರು. ಅಣ್ಣ ವಾಪಸ್ ಬಂದು ಕೂತ. ಶಾಯಿ ಡಬ್ಬಿಯ ಮುಚ್ಚಳ ಹಾಕಿದ. ಚೀಟಿ ಪುಸ್ತಕ ಮುಚ್ಚಿ, ಅದರ ಮೇಲೆ ಸೀಲು ಇಟ್ಟು, ಕೈ ಕಟ್ಟಿಕೊಂಡ.

“ಮುಂದಿನವ್ರಿಗೆ ಏನಂತೀರಿ?” ಎಂದು ಸಾಲಿನಲ್ಲಿದ್ದ ಒಬ್ಬರು ಕೇಳಿದರು.

“ಇವ್ರದ್ದು ಮುಗೀಲಿ ಸರ್. ಇವ್ರ ಕಾಗದಕ್ಕೆ ಬೀಳದ ಸೀಲು ಇವತ್ತು ಯಾವ ಚೀಟಿಗೂ ಬೀಳಲ್ಲ.”

ಅವನು ದನಿ ಎತ್ತಲಿಲ್ಲ. ಎತ್ತುವ ಕೆಲಸ ನಾನು ಮಾಡಿದೆ. ಏನಾಗಿದೆ ಎಂದು ಹಿಂದಿನವರು ಕೇಳುತ್ತಾ ಹೋದ ಹಾಗೆ ನಾನು ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರಿಗೂ ಹೇಳಿದೆ, ನಾಚಿಕೆ ಬಿಟ್ಟು, ಗಂಟಲು ಕಟ್ಟುವ ತನಕ. ಹಿಂದಿನ ತಿಂಗಳುಗಳಲ್ಲಿ ಕಿಟ್ಟ ಎನಿಸಿಕೊಂಡು ಹೋಗಿದ್ದವರೂ ಆ ಸಾಲಿನಲ್ಲಿದ್ದರು. ಗದ್ದಲ ಗಾಜಿನ ಪೆಟ್ಟಿಗೆಯ ತನಕ ಹಬ್ಬಿತು, ಉಲ್ಕೆ ನೋಡುತ್ತಿದ್ದವರು ಬೆನ್ನು ತಿರುಗಿಸಿ ಮೇಜಿನತ್ತ ನೋಡತೊಡಗಿದರು. ಮುಖ್ಯಸ್ಥರು ಮೈಕಿನಲ್ಲಿ ಇನ್ನೆರಡು ವಾಕ್ಯ ಹೇಳಿದರು, ಕೇಳುವವರಿರಲಿಲ್ಲ. ಕೊನೆಗೆ ಬಂದರು. ಮುಖ ಧುಮುಗುಡುತ್ತಿತ್ತು. ಕಾಗದವನ್ನು ಓದದೆ, ಮುಚ್ಚಳ ತೆಗೆದು, ಸೀಲು ಕುಟ್ಟಿದರು. ಅವಸರಕ್ಕೆ ಅದು ಸೊಟ್ಟಗೆ ಬಿತ್ತು.

“ಸಾಕಾ ನಿಮಗೆ?” ಎಂದು ಕೇಳಿದ್ದು ಅಣ್ಣನನ್ನು, ಆಕೆಯನ್ನಲ್ಲ.

ಹತ್ತು ದಿನದಲ್ಲಿ ಅಣ್ಣನಿಗೆ ವರ್ಗಾವಣೆ ಆದೇಶ ಬಂತು. ‘ಸಿಬ್ಬಂದಿಯ ಅಗತ್ಯ ಕಂಡುಬಂದಿರುವುದರಿಂದ’ ಪರೀಕ್ಷಾ ವಿಭಾಗದ ಗೋದಾಮಿಗೆ. ಈಗ ಅವನು ಹಳೆಯ ಉತ್ತರಪತ್ರಿಕೆಗಳ ಗಂಟು ಕಟ್ಟುತ್ತಾನೆ. ಆ ಗರಗಸ ಹಿಡಿಯಲು ಬರುವವರು ವಿಭಾಗದಲ್ಲಿ ಇನ್ನೊಬ್ಬರಿಲ್ಲ, ಕಲ್ಲುಗಳು ಕೊಯ್ಯಿಸಿಕೊಳ್ಳದೆ ಬಿದ್ದಿವೆಯಂತೆ. ಬಿದ್ದಿರಲಿ. ನಾನು ಇಷ್ಟು ಕೆಟ್ಟದಾಗಿ ಮಾತಾಡಿದರೆ ಅವನಿಗೆ ಸಂಕಟವಾಗುತ್ತದೆ, ಕಲ್ಲುಗಳೇನು ತಪ್ಪು ಮಾಡಿವೆ ಎನ್ನುತ್ತಾನೆ.

ಸೀಲು ಬಿದ್ದ ಮರುದಿನ ಭಾನುವಾರ ನಾವಿಬ್ಬರೂ ಇಸ್ತ್ರಿಯಮ್ಮನ ಜೊತೆ ಅವರ ಹಳೆಯ ಬೀದಿಗೆ ಹೋದೆವು. ಅಂಗಡಿ ಇದ್ದ ಜಾಗದಲ್ಲಿ ಯಾರೋ ಬಣ್ಣದ ಡಬ್ಬಿಗಳನ್ನು ತುಂಬಿದ್ದರು, ಸೂರಿಗೆ ಹೊಸ ತಗಡು ಬಂದಿತ್ತು. ಮಾಲೀಕ ತನ್ನ ಹಾರ್ಡ್‌ವೇರ್ ಅಂಗಡಿಯೊಳಗೆ ಮೊಳೆ ತೂಗುತ್ತಿದ್ದ. ಕಾಗದ ತೆಗೆದುಕೊಂಡು ಓದಿದ. ಸೊಟ್ಟ ಸೀಲನ್ನು ಬೆಳಕಿಗೆ ಹಿಡಿದು ನೋಡಿದ. ಮುಖ ಸಣ್ಣದಾಯಿತು.

“ಸರಿ ಬಿಡಿ, ಒಪ್ಪಿದೆ. ಆದ್ರೆ ಜಾಗ ಬೇರೆಯವ್ರಿಗೆ ಕೊಟ್ಟಾಯ್ತಲ್ಲ.”

“ಜಾಗ ಕೇಳೋಕೆ ಬಂದಿಲ್ಲ. ಸುಳ್ಳಿ ಅಂದ್ರಲ್ಲ, ಅದನ್ನ ವಾಪಸ್ ತಗೊಳ್ಳಿ.”

ಅವನು ಅಣ್ಣನ ಮುಖ ನೋಡಿದ, ನನ್ನ ಮುಖ ನೋಡಿದ, ಮೊಳೆಯ ತಟ್ಟೆ ನೋಡಿದ. ಆಮೇಲೆ ಗಲ್ಲಾದ ಮೇಲೆ ಬಾಗಿ, ಪಕ್ಕದಲ್ಲಿ ನಿಂತ ನನಗೂ ಸರಿಯಾಗಿ ಕೇಳಿಸದ ಹಾಗೆ, “ಆಯ್ತಮ್ಮ, ತಗೊಂಡೆ. ನೀವು ಹೇಳಿದ್ದು ನಿಜ” ಅಂದ.

ಇಸ್ತ್ರಿಯಮ್ಮ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಅಂಗಡಿಯ ಮೆಟ್ಟಿಲಿಳಿದರು. ನಡುಬೀದಿಯಲ್ಲಿ ನಿಂತು ಅವನತ್ತ ತಿರುಗಿದರು.

“ನನಗೆ ಕೇಳಿಸ್ತು” ಅಂದರು. “ಬೀದಿಗೆ ಕೇಳಿಸ್ಲಿಲ್ಲ. ಹೊರಗೆ ಬನ್ನಿ.”